ಮಸೂರದ ದೋಷ, ಮುಖಕ್ಕೆ ಸೊಬಗು

ಚಳ್ಳಕೆರೆಯಿಂದ ತಳಕು, ಹಾನಗಲ್ ದಾಟಿ ಮೊಳಕಾಲ್ಮುರಿಗೆ ಹೋಗುವ ದಾರಿಯಲ್ಲಿ ಬಿಸಿಲಿಗೆ ಬರವಿಲ್ಲ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಇಲ್ಲಿನ ಸೂರ್ಯ ಬೆಟ್ಟದ ಬಂಡೆಗಳ ಒಂದೊಂದು ಬಿರುಕನ್ನೂ ಎತ್ತಿ ತೋರಿಸುತ್ತಾನೆ. ಮನುಷ್ಯರ ಮುಖದ ಒಂದೊಂದು ಸುಕ್ಕನ್ನೂ ಹಾಗೆಯೇ ತೋರಿಸುತ್ತಾನೆ. ಬಂಡೆಯ ಚಿತ್ರ ತೆಗೆಯುವವರಿಗೆ ಇಂಥ ಬೆಳಕು ವರ. ಅಜ್ಜಿಯ ಮುಖವನ್ನೋ ಮದುಮಗಳ ಮುಖವನ್ನೋ ಸೆರೆಹಿಡಿಯಬೇಕಾದವರಿಗೆ ಅದೇ ಬೆಳಕು ತಲೆನೋವು.

ಹಿಂದಿನ ಕಾಲದ ಊರಿನ ಸ್ಟುಡಿಯೊಗಳಲ್ಲಿ ಈ ತಲೆನೋವಿಗೆ ಒಂದು ಮದ್ದಿತ್ತು. ತೊಳೆದು ಒಣಗಿಸಿದ ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲ್ ಹಿಡಿದು, ಸುಕ್ಕು ಕಲೆಗಳನ್ನು ಚುಕ್ಕಿ ಚುಕ್ಕಿಯಾಗಿ ಮರೆಸುತ್ತಿದ್ದರು. ಇದಕ್ಕೆ ರೀಟಚಿಂಗ್ ಎಂದು ಹೆಸರು. ತಾಳ್ಮೆ, ಹದವಾದ ಕೈ ಎರಡೂ ಬೇಕಾದ ಕೆಲಸ. ಕೈ ಸ್ವಲ್ಪ ಭಾರವಾದರೆ ಮುಖ ಮೇಣದ ಗೊಂಬೆಯಂತಾಗುತ್ತಿತ್ತು.

ಪೆನ್ಸಿಲ್ ಮಾಡುವ ಕೆಲಸವನ್ನು ಮಸೂರವೇ ಮಾಡಿದರೆ? ಕಣ್ಣ ರೆಪ್ಪೆಯ ಕೂದಲು ಸ್ಪಷ್ಟವಾಗಿ ಕಾಣಬೇಕು, ಆದರೆ ಚರ್ಮದ ಒರಟುತನ ಹಿತವಾಗಿ ಕರಗಬೇಕು. ಬೆಳಕು ಬಿದ್ದಲ್ಲೆಲ್ಲ ನಸು ಹೊಳಪಿನ ಪ್ರಭೆ ಕೂಡಿರಬೇಕು. ಇಂಥ ಚಿತ್ರಕ್ಕೆಂದೇ ತಯಾರಾದವು ಸಾಫ್ಟ್ ಫೋಕಸ್ ಮಸೂರಗಳು, ಅಂದರೆ ಮೃದು ಬಿಂಬದ ಮಸೂರಗಳು. ಇವುಗಳ ಕತೆಯಲ್ಲಿ ಒಂದು ವಿನೋದವಿದೆ. ಮಸೂರದ ದೋಷಗಳನ್ನು ಹೋಗಲಾಡಿಸಲು ವಿಜ್ಞಾನಿಗಳು ತಲೆಮಾರುಗಟ್ಟಲೆ ಶ್ರಮಪಟ್ಟರು. ಅದು ಕೈಗೂಡುತ್ತ ಬಂದಾಗ ಛಾಯಾಗ್ರಾಹಕರು ಬಂದು, ‘ಆ ದೋಷವನ್ನು ಸ್ವಲ್ಪ ವಾಪಸು ಕೊಡಿ’ ಎಂದು ಕೇಳಿದರು!

ಯಾವುದು ಆ ದೋಷ?

ಪೀನ ಮಸೂರದ ಮೇಲೆ ಬಿದ್ದ ಸಮಾಂತರ ಕಿರಣಗಳು ಪ್ರಧಾನ ಸಂಗಮದಲ್ಲಿ ಕೂಡುತ್ತವೆ ಎಂದು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲ ಓದಿರುತ್ತಾರೆ. ಪುಸ್ತಕದ ಚಿತ್ರದಲ್ಲಿ ಎಲ್ಲ ಕಿರಣಗಳೂ ಅಚ್ಚುಕಟ್ಟಾಗಿ ಒಂದೇ ಬಿಂದುವಿನಲ್ಲಿ ಸೇರುತ್ತವೆ. ನಿಜವಾದ ಮಸೂರದಲ್ಲಿ ಹಾಗಾಗುವುದಿಲ್ಲ. ಗೋಳದ ಭಾಗದಂತೆ ಉಜ್ಜಿ ತಯಾರಿಸಿದ ಮಸೂರದ ಅಂಚಿನಲ್ಲಿ ಹಾಯುವ ಕಿರಣಗಳು ಅಗತ್ಯಕ್ಕಿಂತ ಹೆಚ್ಚು ಬಾಗುತ್ತವೆ. ಆದ್ದರಿಂದ ಅವು ಮಸೂರಕ್ಕೆ ಹತ್ತಿರದಲ್ಲೇ ಕೂಡುತ್ತವೆ. ನಡುಭಾಗದ ಕಿರಣಗಳು ಕೊಂಚ ದೂರ ಹೋಗಿ ಕೂಡುತ್ತವೆ. ಇದೇ ಗೋಳೀಯ ವಿಪಥನ.

ಈಗ ನಡುಭಾಗದ ಕಿರಣಗಳು ಕೂಡುವಲ್ಲಿ ಫಿಲ್ಮ್ ಇಟ್ಟೆವೆನ್ನಿ. ಅಲ್ಲಿ ಒಂದು ಚೂಪಾದ ಚುಕ್ಕಿ ಮೂಡುತ್ತದೆ. ಅಂಚಿನ ಕಿರಣಗಳು ಆಗಲೇ ಕೂಡಿ, ದಾಟಿ, ಹರಡಲು ತೊಡಗಿರುವುದರಿಂದ ಆ ಚುಕ್ಕಿಯ ಸುತ್ತ ಮಸುಕಾದ ಬೆಳಕಿನ ಬಳೆಯೂ ಮೂಡುತ್ತದೆ. ಮಳೆಗಾಲದ ರಾತ್ರಿ ಚಂದ್ರನ ಸುತ್ತ ಕಾಣುವ ಪ್ರಭೆಯನ್ನು ನೆನೆಸಿಕೊಂಡರೆ ಸಾಕು. ಮುಖದ ಪ್ರತಿಯೊಂದು ಬಿಂದುವೂ ಹೀಗೆ ಒಂದು ತಿರುಳು, ಒಂದು ಪ್ರಭೆಯಾಗಿ ಮೂಡಿದಾಗ ಇಡೀ ಚಿತ್ರ ಏಕಕಾಲಕ್ಕೆ ಸ್ಪಷ್ಟವೂ ಮೃದುವೂ ಆಗುತ್ತದೆ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಫೋಕಸ್ ತಪ್ಪಿದ ಚಿತ್ರ ಬೇರೆ, ಮೃದು ಚಿತ್ರ ಬೇರೆ. ಫೋಕಸ್ ತಪ್ಪಿದಾಗ ಬಿಂದುವೊಂದು ಬಿಲ್ಲೆಯಾಗಿ ಹರಡುತ್ತದೆ. ಅದರಲ್ಲಿ ತಿರುಳೇ ಇರುವುದಿಲ್ಲ. ಮೃದು ಬಿಂಬದಲ್ಲಿ ವಿವರ ಕಳೆದುಹೋಗುವುದಿಲ್ಲ, ಅದರ ಮೇಲೆ ಬೆಳಕಿನ ತೆಳು ಪರದೆಯೊಂದು ಹರಡಿರುತ್ತದೆ.

ಈ ಪರದೆಯನ್ನು ಹೆಚ್ಚು ಕಡಿಮೆ ಮಾಡುವುದೂ ಸುಲಭ. ಮಸೂರದ ಕಿಂಡಿಯನ್ನು, ಅಂದರೆ ಅಪರ್ಚರನ್ನು ಕಿರಿದು ಮಾಡಿದರೆ ಅಂಚಿನ ಕಿರಣಗಳಿಗೆ ದಾರಿ ಮುಚ್ಚುತ್ತದೆ. ಗೋಳೀಯ ವಿಪಥನದಿಂದಾಗುವ ಮಸುಕಿನ ಅಗಲ ಕಿಂಡಿಯ ವ್ಯಾಸದ ಘನಕ್ಕೆ ಅನುಗುಣವಾಗಿರುತ್ತದೆ. ವ್ಯಾಸವನ್ನು ಅರ್ಧ ಮಾಡಿದರೆ ಮಸುಕು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದಲೇ ಎಫ್ 4ರಲ್ಲಿ ಕನಸಿನಂತೆ ಕಾಣುವ ಮುಖ ಎಫ್ 8ಕ್ಕೆ ಬಂದಾಗ ಸಾಮಾನ್ಯ ಭಾವಚಿತ್ರದಷ್ಟು ಸ್ಪಷ್ಟವಾಗುತ್ತದೆ.

ಕಲ್ಕತ್ತದಲ್ಲಿ ಹುಟ್ಟಿದ ಕಲಾವಿದೆ

ಮಸುಕನ್ನು ಕಲೆಯಾಗಿ ಕಂಡವರಲ್ಲಿ ಮೊದಲಿಗರೆಂದು ಹೆಸರಾದವರು ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್. 1815ರಲ್ಲಿ ಕಲ್ಕತ್ತದಲ್ಲಿ ಹುಟ್ಟಿದ ಈಕೆಗೆ ಕ್ಯಾಮೆರಾ ಸಿಕ್ಕಿದ್ದು 1863ರಲ್ಲಿ, ತಮ್ಮ 48ನೆಯ ವಯಸ್ಸಿನಲ್ಲಿ. ಗಾಜಿನ ತಟ್ಟೆಗೆ ರಾಸಾಯನಿಕ ಬಳಿದು, ಒದ್ದೆಯಿರುವಾಗಲೇ ಚಿತ್ರ ತೆಗೆಯಬೇಕಾಗಿದ್ದ ಕಾಲವದು. ಬಿಂಬ ಕಣ್ಣಿಗೆ ಚೆನ್ನಾಗಿ ಕಂಡಲ್ಲಿಗೆ ಆಕೆ ಫೋಕಸ್ ತಿರುಗಿಸುವುದನ್ನು ನಿಲ್ಲಿಸುತ್ತಿದ್ದರು. ಅಂದಿನ ವಿಮರ್ಶಕರು ಇದನ್ನು ಅರೆಬರೆ ಕೆಲಸವೆಂದು ಹಳಿದರು. ಇಂದು ಆ ಚಿತ್ರಗಳು ಜಗತ್ತಿನ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿವೆ. ಆಕೆ ತೀರಿಕೊಂಡದ್ದು 1879ರಲ್ಲಿ, ಸಿಲೋನ್‌ನಲ್ಲಿ.

ಮಸೂರ ತಯಾರಕರೂ ಸುಮ್ಮನಿರಲಿಲ್ಲ. 1866ರಲ್ಲಿ ಲಂಡನ್ನಿನ ಡಾಲ್‌ಮೇಯರ್ ಒಂದು ಭಾವಚಿತ್ರ ಮಸೂರಕ್ಕೆ ಪೇಟೆಂಟ್ ಪಡೆದರು. ಅದರ ಹಿಂಬದಿಯ ಗಾಜುಗಳ ನಡುವಿನ ಅಂತರವನ್ನು ತಿರುಪಿ ಹೆಚ್ಚಿಸಬಹುದಿತ್ತು. ತಿರುಪಿದಷ್ಟೂ ಗೋಳೀಯ ವಿಪಥನ ಇಣುಕುತ್ತಿತ್ತು. 1890ರ ದಶಕದಲ್ಲಿ ಬರ್ಗ್‌ಹೈಮ್ ಎಂಬ ಚಿತ್ರಕಾರರ ಬೇಡಿಕೆಯ ಮೇರೆಗೆ ಅದೇ ಕಂಪನಿ ಪೂರ್ತಿ ಮೃದು ಬಿಂಬಕ್ಕೆಂದೇ ಒಂದು ಮಸೂರವನ್ನು ತಯಾರಿಸಿತು.

ಮುಂದೆ ಅಮೆರಿಕದ ಬಾಸ್ಟನ್ ನಗರದ ಪಿಂಕ್‌ಹ್ಯಾಮ್ ಮತ್ತು ಸ್ಮಿತ್ ಕಂಪನಿ ಈ ಕೆಲಸಕ್ಕೆ ಹೆಸರಾಯಿತು. ಅವರ ಕೆಲವು ಮಸೂರಗಳ ಮೇಲ್ಮೈಯನ್ನು ಕೈಯಿಂದಲೇ ತಿದ್ದಿ ಹದಗೊಳಿಸುತ್ತಿದ್ದರು. ರಾಚೆಸ್ಟರಿನ ವೊಲೆನ್‌ಸ್ಯಾಕ್ ಕಂಪನಿಯ ವೆರಿಟೊ ಮಸೂರ 20ನೆಯ ಶತಮಾನದ ಎರಡನೆಯ ದಶಕದಿಂದ ಸ್ಟುಡಿಯೊಗಳಲ್ಲಿ ಬಹಳ ಜನಪ್ರಿಯವಾಯಿತು. 1930ರ ದಶಕದ ಆರಂಭದಲ್ಲಿ ಜರ್ಮನಿಯ ರೋಡೆನ್‌ಸ್ಟಾಕ್ ಕಂಪನಿಯ ಇಮಾಗಾನ್ ಬಂತು. ಛಾಯಾಗ್ರಾಹಕ ಹೈನ್ರಿಕ್ ಕ್ಯೂನ್ ಮತ್ತು ಮಸೂರ ತಜ್ಞ ಫ್ರಾಂಜ್ ಸ್ಟೇಬ್ಲೆ ಕೂಡಿ ರೂಪಿಸಿದ ಮಸೂರವಿದು.

ಇಮಾಗಾನ್‌ನ ಉಪಾಯ ಜಾಣತನದ್ದು. ಅದಕ್ಕೆ ಜರಡಿಯಂಥ ಬಿಲ್ಲೆಗಳನ್ನು ಕೊಡುತ್ತಿದ್ದರು. ಬಿಲ್ಲೆಯ ನಡುವೆ ದೊಡ್ಡ ತೂತು, ಸುತ್ತ ಸಣ್ಣ ಸಣ್ಣ ತೂತುಗಳು. ನಡುವಿನ ತೂತಿನಿಂದ ಬಂದ ಬೆಳಕು ಚಿತ್ರದ ತಿರುಳನ್ನು ಬರೆಯುತ್ತದೆ, ಸುತ್ತಲಿನ ತೂತುಗಳಿಂದ ಬಂದ ಬೆಳಕು ಪ್ರಭೆಯನ್ನು ಹರಡುತ್ತದೆ. ಬಿಲ್ಲೆಯನ್ನು ತಿರುಗಿಸಿ ಸಣ್ಣ ತೂತುಗಳನ್ನು ಬೇಕಾದಷ್ಟು ಮುಚ್ಚಬಹುದು. ಹೀಗೆ ಸಾರಿಗೆ ಉಪ್ಪು ಹಾಕಿದಂತೆ ಮೃದುತ್ವವನ್ನು ಹದವರಿತು ಬೆರೆಸಬಹುದಾಗಿತ್ತು.

ಅಷ್ಟರಲ್ಲಿ ಗಾಳಿ ತಿರುಗಿತು. 1932ರಲ್ಲಿ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್ ಮೊದಲಾದವರು ಕ್ಯಾಲಿಫೋರ್ನಿಯದಲ್ಲಿ ಎಫ್ 64 ಎಂಬ ಗುಂಪು ಕಟ್ಟಿದರು. ಕಿಂಡಿಯನ್ನು ಬಹಳ ಕಿರಿದು ಮಾಡಿ, ಎಲ್ಲವನ್ನೂ ಕೂದಲೆಳೆಯಷ್ಟು ಸ್ಪಷ್ಟವಾಗಿ ತೋರಿಸುವುದೇ ಛಾಯಾಗ್ರಹಣದ ಧರ್ಮವೆಂಬುದು ಅವರ ನಿಲುವು. ಇದೇ ವೆಸ್ಟನ್ ತಮ್ಮ ಆರಂಭದ ದಿನಗಳಲ್ಲಿ ಮೃದು ಚಿತ್ರಗಳನ್ನೇ ತೆಗೆದಿದ್ದರು. ಹೀಗೆ ಮೃದು ಮಸೂರಗಳು ಮೂಲೆ ಸೇರಿದವು, ಆದರೆ ಸಾಯಲಿಲ್ಲ.

ಹಳತು, ಹೊಸತು: ಯಾವುದು ಮೇಲು?

ಈ ಮಸೂರಗಳೆಲ್ಲ ದೊಡ್ಡ ಕ್ಯಾಮೆರಾಗಳಿಗೆ ಸೇರಿದವು. ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾದ ಬೆಲೋಸ್, ಹಿಂದೆ ಉಜ್ಜಿದ ಗಾಜು, ತಲೆಯ ಮೇಲೆ ಹೊದೆಯುವ ಕಪ್ಪು ಬಟ್ಟೆ ಇವುಗಳ ಗುರುತು. ಕೇರಳದ ಆಲಪ್ಪುಳದಲ್ಲಿ ತಯಾರಾಗುತ್ತಿದ್ದ ವಾಗೀಶ್ವರಿ ಕ್ಯಾಮೆರಾ ಇದೇ ಬಗೆಯದು. ಭಾರತದ ಅನೇಕ ಸ್ಟುಡಿಯೊಗಳಲ್ಲಿ ದುಡಿದದ್ದು. ಇಂಥ ಕ್ಯಾಮೆರಾಗಳಲ್ಲಿ ಫಿಲ್ಮ್‌ನ ಅಳತೆಯೇ 4 ಇಂಚು ಅಗಲ, 5 ಇಂಚು ಉದ್ದ ಇರುತ್ತದೆ. 8 ಇಂಚು, 10 ಇಂಚಿನವೂ ಉಂಟು. ಹಾಳೆಯಂಥ ಈ ಫಿಲ್ಮ್ ಇಂದಿಗೂ ತಯಾರಾಗುತ್ತಿದೆ.

ಹೊಸ ಕಾಲದ ಮೃದು ಮಸೂರಗಳಲ್ಲಿ ಎರಡನ್ನು ಹೆಸರಿಸಬಹುದು. ಒಂದು, ಜಪಾನಿನ ಫ್ಯೂಜಿನಾನ್ ಎಸ್ಎಫ್. 180 ಮತ್ತು 250 ಮಿಲಿಮೀಟರ್ ಸಂಗಮ ದೂರಗಳಲ್ಲಿ ದೊರೆತ ಇದು ಇಮಾಗಾನ್‌ನ ಜರಡಿ ಬಿಲ್ಲೆಯ ಉಪಾಯವನ್ನೇ ಮುಂದುವರಿಸಿತು. ಎರಡು, ಇಂಗ್ಲೆಂಡಿನ ಕುಕ್ ಕಂಪನಿ 21ನೆಯ ಶತಮಾನದ ಆರಂಭದಲ್ಲಿ ಹೊರತಂದ ಪಿಎಸ್ 945. ಹಳೆಯ ಪಿಂಕ್‌ಹ್ಯಾಮ್ ಮತ್ತು ಸ್ಮಿತ್ ಮಸೂರದ ಬಿಂಬದ ಗುಣವನ್ನು ಹೊಸ ಗಾಜಿನಲ್ಲಿ ಮರಳಿ ತರುವುದೇ ಅದರ ಉದ್ದೇಶವಾಗಿತ್ತು. ಸಂಗಮ ದೂರ 229 ಮಿಲಿಮೀಟರ್, ಕಿಂಡಿ ಎಫ್ 4.5.

ಹಳೆಯದಕ್ಕೂ ಹೊಸದಕ್ಕೂ ಇರುವ ಮೊದಲ ವ್ಯತ್ಯಾಸ ಬಣ್ಣಕ್ಕೆ ಸಂಬಂಧಿಸಿದ್ದು. ಗಾಜು ನೀಲಿ ಬೆಳಕನ್ನು ಕೆಂಪು ಬೆಳಕಿಗಿಂತ ಹೆಚ್ಚು ಬಾಗಿಸುತ್ತದೆ. ಇದು ವರ್ಣ ವಿಪಥನ. ಹಳೆಯ ಕೆಲವು ಮೃದು ಮಸೂರಗಳಲ್ಲಿ ಈ ದೋಷವನ್ನೂ ಪೂರ್ತಿ ತಿದ್ದಿರಲಿಲ್ಲ. ಅಂದಿನ ಫಿಲ್ಮ್‌ಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲವಾದ್ದರಿಂದ ದೋಷ ಒಂದು ಮಿತಿಯಲ್ಲಿತ್ತು. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಇಂದಿನ ಫಿಲ್ಮ್ ಹಾಕಿದರೆ ಅದೇ ಮಸೂರದ ಮಸುಕು ಹೆಚ್ಚುತ್ತದೆ. ಕಲರ್ ಫಿಲ್ಮ್‌ನಲ್ಲಿ ವಸ್ತುಗಳ ಅಂಚಿಗೆ ಬಣ್ಣದ ಗೆರೆಯೂ ಕಾಣಬಹುದು. ಹೊಸ ಮಸೂರಗಳಲ್ಲಿ ವರ್ಣ ವಿಪಥನವನ್ನು ತಿದ್ದಿ, ಗೋಳೀಯ ವಿಪಥನವನ್ನು ಮಾತ್ರ ಉಳಿಸಿಕೊಂಡಿದ್ದಾರೆ.

ಎರಡನೆಯದು ಲೇಪನ. ಲೇಪನವಿಲ್ಲದ ಗಾಜಿನ ಪ್ರತಿ ಮೇಲ್ಮೈಯಿಂದಲೂ ಸುಮಾರು ಶೇ 4ರಷ್ಟು ಬೆಳಕು ಹಿಂದಕ್ಕೆ ಚಿಮ್ಮುತ್ತದೆ. ಅದು ಕ್ಯಾಮೆರಾದೊಳಗೆ ಅಡ್ಡಾಡಿ ಕಪ್ಪನ್ನು ಬೂದು ಮಾಡುತ್ತದೆ. 1935ರಲ್ಲಿ ಜರ್ಮನಿಯ ಜೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲ ತೆಳು ಲೇಪನದ ವಿಧಾನ ಕಂಡುಹಿಡಿದ ಮೇಲೆ ಈ ತೊಂದರೆ ತಗ್ಗಿತು. ಚಳ್ಳಕೆರೆಯಂಥ ಬಿಸಿಲಿನ ಊರಲ್ಲಿ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಲೇಪನವಿಲ್ಲದ ಮಸೂರಕ್ಕೆ ಎದುರು ಬೆಳಕು ಬಿದ್ದರೆ ಚಿತ್ರವೆಲ್ಲ ತೆಳುವಾಗಿ ಬೆಳ್ಳಗಾಗುತ್ತದೆ. ಆದರೆ ಕಡು ಬಿಸಿಲಿನ ನೆರಳುಗಳನ್ನು ತುಸು ತಿಳಿಯಾಗಿಸಲು ಇದೇ ಗುಣ ನೆರವಾಗುವುದೂ ಉಂಟು.

ಮೂರನೆಯದು ಶಟರ್. ಹಳೆಯ ಹಿತ್ತಾಳೆ ಮಸೂರಗಳಲ್ಲಿ ಹಲವಕ್ಕೆ ಶಟರ್ ಇರುತ್ತಿರಲಿಲ್ಲ. ಮುಚ್ಚಳ ತೆಗೆದು, ಒಂದು, ಎರಡು ಎಂದು ಎಣಿಸಿ, ಮತ್ತೆ ಮುಚ್ಚುವುದೇ ಪದ್ಧತಿ. ಮಂದಗತಿಯ ಪ್ಲೇಟುಗಳಿಗೆ ಅದು ಸಾಕಾಗಿತ್ತು. ಇಂದಿನ ಚುರುಕಾದ ಫಿಲ್ಮ್‌ಗೆ, ಅದರಲ್ಲೂ ಬಯಲಿನ ಬಿಸಿಲಿನಲ್ಲಿ ಕಿಂಡಿಯನ್ನು ಅಗಲವಾಗಿ ತೆರೆದಾಗ, ಸೆಕೆಂಡಿನ ನೂರರಲ್ಲೊಂದು ಪಾಲಿನಷ್ಟು ಹೊತ್ತು ಬೆಳಕು ಬಿಟ್ಟರೂ ಹೆಚ್ಚೇ. ಹೊಸ ಮಸೂರಗಳಿಗೆ ಶಟರ್ ಜೊತೆಗೇ ಇರುತ್ತದೆ. ಹಳೆಯವನ್ನು ಬಳಸುವವರು ಮಸೂರದ ಮುಂದೆ ಬೂದು ಫಿಲ್ಟರ್ ಹಾಕಿ ಬೆಳಕನ್ನು ತಗ್ಗಿಸಬೇಕು, ಇಲ್ಲವೇ ನೆರಳಿನಲ್ಲಿ ಚಿತ್ರ ತೆಗೆಯಬೇಕು.

ಹಳೆಯದಿರಲಿ ಹೊಸದಿರಲಿ, ಒಂದು ನಿಯಮ ಎರಡಕ್ಕೂ ಸಮಾನ. ಕಿಂಡಿಯ ಅಳತೆ ಬದಲಾದಂತೆ ಫೋಕಸ್ಸಿನ ಸ್ಥಳವೂ ಸರಿಯುತ್ತದೆ. ಆದ್ದರಿಂದ ಯಾವ ಕಿಂಡಿಯಲ್ಲಿ ಚಿತ್ರ ತೆಗೆಯಬೇಕೋ ಅದೇ ಕಿಂಡಿಯಲ್ಲಿ ಫೋಕಸ್ ಮಾಡಬೇಕು. ಹಾಗಾದರೆ ಯಾವುದು ಮೇಲು? ನಂಬಿಕೆಯ ಫಲ ಬೇಕಾದವರಿಗೆ ಹೊಸದು. ಪ್ರತಿ ಮಸೂರಕ್ಕೂ ಒಂದೊಂದು ಸ್ವಭಾವ ಇರುವುದನ್ನು ಕಂಡು, ಅದರೊಡನೆ ಹೊಂದಿಕೊಂಡು ಕೆಲಸ ಮಾಡುವ ತಾಳ್ಮೆಯುಳ್ಳವರಿಗೆ ಹಳೆಯದು.

ಎಣ್ಣೆಯ ಊರು, ರೇಷ್ಮೆಯ ಊರು

ಚಳ್ಳಕೆರೆ ಹೆಸರಾದದ್ದು ಎಣ್ಣೆ ಗಿರಣಿಗಳಿಗೆ, ಮೊಳಕಾಲ್ಮುರು ರೇಷ್ಮೆ ಸೀರೆಗೆ. ದುಬಾರಿ ಮೃದು ಮಸೂರ ಕೊಳ್ಳಲಾಗದ ಛಾಯಾಗ್ರಾಹಕರು ಬೇರೆ ಬೇರೆ ದೇಶಗಳಲ್ಲಿ ಮೊರೆಹೋದದ್ದು ಇಂಥ ಎರಡು ವಸ್ತುಗಳಿಗೇ: ಜಿಡ್ಡು ಮತ್ತು ರೇಷ್ಮೆ. ಮಸೂರದ ಮುಂದೆ ಹಿಡಿದ ಬೇರೊಂದು ಗಾಜಿಗೆ, ನಡುಭಾಗ ಬಿಟ್ಟು, ತೆಳುವಾಗಿ ವ್ಯಾಸಲಿನ್ ಸವರುವುದು ಒಂದು ವಿಧಾನ. ತೆಳು ರೇಷ್ಮೆಯನ್ನೋ ಬಲೆಯಂಥ ಬಟ್ಟೆಯನ್ನೋ ಮಸೂರಕ್ಕೆ ಬಿಗಿಯುವುದು ಇನ್ನೊಂದು. ಕಪ್ಪು ಬಿಳುಪು ಸಿನಿಮಾಗಳಲ್ಲಿ ನಾಯಕಿಯ ಮುಖ ತೆರೆ ತುಂಬಿದಾಗ ಕಾಣುತ್ತಿದ್ದ ಮಂಜಿನ ಹಿಂದೆ ಇಂಥ ಬಟ್ಟೆಗಳ ಕೈವಾಡವೂ ಇತ್ತು.

ಇಲ್ಲಿ ಕೆಲಸ ಮಾಡುವುದು ಗೋಳೀಯ ವಿಪಥನವಲ್ಲ. ಬಟ್ಟೆಯ ಹಾಸು ಹೊಕ್ಕುಗಳ ನಡುವಿನ ಕಿಂಡಿಗಳಲ್ಲಿ ಹಾಯುವಾಗ ಬೆಳಕು ಪಕ್ಕಕ್ಕೆ ಹರಡುತ್ತದೆ. ಇದು ವಿವರ್ತನೆ. ರಾತ್ರಿ ತೆಳುವಾದ ಬಟ್ಟೆಯನ್ನು ಬಿಗಿಯಾಗಿ ಕಣ್ಣ ಮುಂದೆ ಹಿಡಿದು ದೂರದ ಬೀದಿ ದೀಪವನ್ನು ನೋಡಿ: ದೀಪದಿಂದ ಶಿಲುಬೆಯಾಕಾರದಲ್ಲಿ ಬೆಳಕು ಚಾಚಿರುತ್ತದೆ. ಒಂದು ಗೆರೆ ಹಾಸಿನಿಂದ, ಇನ್ನೊಂದು ಹೊಕ್ಕಿನಿಂದ. ನೇಯ್ಗೆ ಒತ್ತಾದಷ್ಟೂ ಬೆಳಕು ಹೆಚ್ಚು ದೂರ ಹರಡುತ್ತದೆ.

ಮೃದು ಬಿಂಬ ಎಲ್ಲದಕ್ಕೂ ಸಲ್ಲದು ಎಂಬುದನ್ನು ಮೊಳಕಾಲ್ಮುರು ತಾಲ್ಲೂಕೇ ಕಲಿಸುತ್ತದೆ. ಇಲ್ಲಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಿಲಾಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಬೆಳಕಿಗೆ ತಂದರು. ಬ್ರಾಹ್ಮಿ ಲಿಪಿಯ ಈ ಶಾಸನದ ಕೊನೆಯಲ್ಲಿ ಚಪಡನೆಂಬ ಲಿಪಿಕಾರ ಒಂದು ಪದವನ್ನು ದೂರದ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಸವೆದ ಬಂಡೆಯ ಮೇಲಿನ ಇಂಥ ಅಕ್ಷರವನ್ನು ಮೃದು ಮಸೂರದಿಂದ ಸೆರೆಹಿಡಿದರೆ ಇತಿಹಾಸವೇ ಮಂಜಾದೀತು. ಅಲ್ಲಿ ಚೂಪು ಮಸೂರ, ಓರೆ ಬಿಸಿಲು ಬೇಕು. ನೇಕಾರರು ತಮ್ಮ ಸೀರೆಯ ಅಂಚಿನ ಕುಸುರಿಯನ್ನು ಗಿರಾಕಿಗೆ ತೋರಿಸಬೇಕಾದಾಗಲೂ ಅಷ್ಟೇ. ಅದೇ ಸೀರೆಯುಟ್ಟ ಮದುಮಗಳು ಕಿಟಕಿಯ ಬಳಿ ಕುಳಿತಾಗ ಮೃದು ಮಸೂರಕ್ಕೆ ಕೆಲಸ ಬರುತ್ತದೆ. ಜರಿಯ ಒಂದೊಂದು ಮಿಂಚೂ ಪುಟ್ಟ ದೀಪವಾಗಿ ಹೊಳೆಯುತ್ತದೆ.

ಅದೇ ದೋಷ ಆಕಾಶದಲ್ಲಿ

ಭಾವಚಿತ್ರಕ್ಕೆ ಸೊಬಗು ತಂದ ಈ ದೋಷ ಬೇರೊಂದು ಕಡೆ ಭಾರಿ ಅನಾಹುತ ಮಾಡಿತು. 1990ರ ಏಪ್ರಿಲ್‌ನಲ್ಲಿ ಅಮೆರಿಕ ಹಬಲ್ ದೂರದರ್ಶಕವನ್ನು ಬಾಹ್ಯಾಕಾಶಕ್ಕೆ ಕಳುಹಿಸಿತು. ಅದರ 2.4 ಮೀಟರ್ ಅಗಲದ ಕನ್ನಡಿಯ ಅಂಚನ್ನು ಉಜ್ಜುವಾಗ ಸುಮಾರು 2 ಮೈಕ್ರೊಮೀಟರ್‌ನಷ್ಟು ವ್ಯತ್ಯಾಸವಾಗಿತ್ತು. ಇದು ತಲೆಗೂದಲಿನ ದಪ್ಪದ ಸಣ್ಣ ಪಾಲು ಅಷ್ಟೇ. ಆದರೆ ಪ್ರತಿ ನಕ್ಷತ್ರವೂ ಒಂದು ಚುಕ್ಕಿ, ಸುತ್ತ ಒಂದು ಪ್ರಭೆಯಾಗಿ ಮೂಡಿತು. ಅದೇ ಗೋಳೀಯ ವಿಪಥನ! 1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಮೇಲಕ್ಕೆ ಹೋಗಿ, ಕಣ್ಣಿಗೆ ಕನ್ನಡಕ ಹಾಕಿದಂತೆ, ತಿದ್ದುವ ಉಪಕರಣಗಳನ್ನು ಜೋಡಿಸಿ ಬಂದರು. ಒಂದೇ ಗುಣ ಒಂದೆಡೆ ಬೇಡಿಕೆ, ಇನ್ನೊಂದೆಡೆ ಸಂಕಟ. ದೋಷವೆಂಬುದು ಮಸೂರದಲ್ಲಷ್ಟೇ ಇರುವುದಿಲ್ಲ. ಅದರಿಂದ ಏನು ಕೆಲಸ ಬಯಸುತ್ತೇವೆ ಎಂಬುದರ ಮೇಲೂ ನಿಂತಿರುತ್ತದೆ.

ಮನೆಯಲ್ಲೇ ಮಾಡಿ ನೋಡಿ

ಇದನ್ನೆಲ್ಲ ಪರೀಕ್ಷಿಸಲು ದುಬಾರಿ ಮಸೂರ ಬೇಕಿಲ್ಲ. ಓದುವ ಭೂತಗನ್ನಡಿ, ಒಂದರೊಳಗೊಂದು ಜಾರುವ ಎರಡು ರಟ್ಟಿನ ಪೆಟ್ಟಿಗೆಗಳು, ಬಟರ್ ಪೇಪರ್, ಕಪ್ಪು ಕಾಗದ ಇದ್ದರೆ ಸಾಕು. ಹೊರ ಪೆಟ್ಟಿಗೆಯ ಮುಂಬದಿಯಲ್ಲಿ ಭೂತಗನ್ನಡಿ, ಒಳ ಪೆಟ್ಟಿಗೆಯ ಹಿಂಬದಿಯಲ್ಲಿ ಬಟರ್ ಪೇಪರ್ ಅಂಟಿಸಿ. ಕಪ್ಪು ಕಾಗದದಲ್ಲಿ ಮಸೂರದಷ್ಟೇ ಅಗಲದ ಮೂರು ಬಿಲ್ಲೆಗಳನ್ನು ಕತ್ತರಿಸಿ. ಮೊದಲನೆಯದಕ್ಕೆ ನಡುವೆ ಒಂದು ಸೆಂಟಿಮೀಟರಿನ ತೂತು. ಎರಡನೆಯದಕ್ಕೆ ನಡುವೆ ಅದೇ ತೂತು, ಅಂಚಿನಲ್ಲಿ ಸಣ್ಣ ತೂತುಗಳ ಸಾಲು. ಮೂರನೆಯದರ ನಡುಭಾಗ ಪೂರ್ತಿ ಮುಚ್ಚಿರಲಿ, ಅಂಚಿನಲ್ಲಿ ಮಾತ್ರ ತೂತುಗಳಿರಲಿ.

ರಾತ್ರಿ ದೂರದ ದೀಪದ ಕಡೆ ಪೆಟ್ಟಿಗೆ ತಿರುಗಿಸಿ, ಮೊದಲ ಬಿಲ್ಲೆ ಹಾಕಿ ಬಿಂಬವನ್ನು ಸ್ಪಷ್ಟ ಮಾಡಿಕೊಳ್ಳಿ. ಮಸೂರಕ್ಕೂ ಕಾಗದಕ್ಕೂ ಇರುವ ಅಂತರ ಬರೆದಿಡಿ. ಮೂರನೆಯ ಬಿಲ್ಲೆ ಹಾಕಿ ಮತ್ತೆ ಸ್ಪಷ್ಟ ಮಾಡಿ, ಅಂತರ ಅಳೆಯಿರಿ. ಅದು ಕೆಲವು ಮಿಲಿಮೀಟರ್ ಕಡಿಮೆಯಿರುತ್ತದೆ. ಅಂಚಿನ ಕಿರಣಗಳು ಹತ್ತಿರದಲ್ಲೇ ಕೂಡುತ್ತವೆ ಎಂಬ ಪುಸ್ತಕದ ವಾಕ್ಯ ನಿಮ್ಮ ಅಳತೆಪಟ್ಟಿಯ ಮೇಲೇ ಸಿಕ್ಕಿತು! ಮತ್ತೆ ಮೊದಲಿನ ಅಂತರಕ್ಕೆ ತಂದು ಎರಡನೆಯ ಬಿಲ್ಲೆ ಹಾಕಿದರೆ ಇಮಾಗಾನ್‌ನ ಉಪಾಯ ಅರ್ಥವಾಗುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ಒಂದು ಬದಿ ಚಪ್ಪಟೆಯಾದ ಮಸೂರವಿದ್ದರೆ ಅದನ್ನೂ ಹಾಕಿ ನೋಡಿ. ಚಪ್ಪಟೆ ಬದಿ ದೀಪದ ಕಡೆಗಿದ್ದಾಗ ವಿಪಥನ ಸುಮಾರು ನಾಲ್ಕು ಪಟ್ಟು ಹೆಚ್ಚುತ್ತದೆ. ಒಂದೇ ಒಂದು ಎಚ್ಚರಿಕೆ: ಯಾವ ಕಾರಣಕ್ಕೂ ಪೆಟ್ಟಿಗೆಯನ್ನು ಸೂರ್ಯನತ್ತ ತಿರುಗಿಸಬೇಡಿ. ಕಾಗದ ಹೊತ್ತಿಕೊಂಡೀತು, ಕಣ್ಣಿಗೂ ಅಪಾಯ.

ಪೋಷಕರಿಗೆ ಎರಡು ಮಾತು

ಇಂದು ಕೈಯಲ್ಲಿರುವ ಫೋನ್ ಮುಖವನ್ನು ಕ್ಷಣದಲ್ಲಿ ನುಣುಪು ಮಾಡಿಕೊಡುತ್ತದೆ. ಅದು ಮೃದು ಬಿಂಬವಲ್ಲ. ಫೋನ್ ಚರ್ಮದ ವಿವರವನ್ನು ಲೆಕ್ಕಹಾಕಿ ಅಳಿಸುತ್ತದೆ. ಮಸೂರ ವಿವರವನ್ನು ಉಳಿಸಿಕೊಂಡು ಬೆಳಕನ್ನು ಹರಡುತ್ತದೆ. ಮೃದು ಮಸೂರದ ಚಿತ್ರದಲ್ಲಿ ಅಜ್ಜಿ ಅಜ್ಜಿಯಾಗಿಯೇ ಇರುತ್ತಾಳೆ. ಅಳಿಸಿದ ಮುಖವನ್ನೇ ದಿನವೂ ನೋಡುವ ಮಕ್ಕಳಿಗೆ ತಮ್ಮ ನಿಜವಾದ ಮುಖವೇ ಕೊರತೆಯಾಗಿ ಕಾಣತೊಡಗಿದರೆ ಅದು ಚಿಂತಿಸಬೇಕಾದ ವಿಷಯ. ಬೆಳಕು ಹೇಗೆ ವರ್ತಿಸುತ್ತದೆ ಎಂದು ತಿಳಿದ ಮಗು ಯಾವುದು ಬೆಳಕಿನ ಕೆಲಸ, ಯಾವುದು ಲೆಕ್ಕಾಚಾರದ ಕೆಲಸ ಎಂದು ಬೇರ್ಪಡಿಸಿ ನೋಡಬಲ್ಲದು.

ಮಸೂರದ ದೋಷಗಳು ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಮುಗಿದುಹೋಗಬಾರದು. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವೇ ಇದೆ; ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುವ ಕೇಂದ್ರವೂ ಅಲ್ಲಿದೆ. ಬೆಳಕಿನ ವಿಜ್ಞಾನವನ್ನು ಬದುಕಿನ ದಾರಿಯಾಗಿ ಆರಿಸಿಕೊಳ್ಳುವ ಆಸೆ ಇಲ್ಲಿನ ಮಕ್ಕಳಿಗೆ ದೂರದ ಮಾತಾಗಬೇಕಿಲ್ಲ.

ಇನ್ನು, ಮುಚ್ಚಿದ ಸ್ಟುಡಿಯೊದ್ದೋ ತಾತನ ಪೆಟ್ಟಿಗೆಯದ್ದೋ ಹಳೆಯ ಹಿತ್ತಾಳೆ ಮಸೂರವೊಂದು ಮನೆಯಲ್ಲಿದ್ದರೆ ಅದನ್ನು ಗುಜರಿಗೆ ತೂಕಕ್ಕೆ ಹಾಕುವ ಮುನ್ನ ಒಮ್ಮೆ ಯೋಚಿಸಿ. ಗಾಜನ್ನು ಒರಟು ಬಟ್ಟೆಯಿಂದ ಉಜ್ಜದೆ, ಮೆತ್ತನೆಯ ಬ್ರಷ್‌ನಿಂದ ದೂಳು ತೆಗೆದು, ಒಣ ಜಾಗದಲ್ಲಿಡಿ. ಅಂಚಿನ ಮೇಲೆ ಕೊರೆದಿರುವ ಹೆಸರನ್ನು ಮಕ್ಕಳಿಂದ ಓದಿಸಿ. ಅದು ಚೂಪು ಮಸೂರವೋ ಮೃದು ಮಸೂರವೋ ಎಂದು ತಿಳಿಯಲು ಬಟರ್ ಪೇಪರ್ ಅಂಟಿಸಿದ ಅದೇ ರಟ್ಟಿನ ಪೆಟ್ಟಿಗೆ ಸಾಕು.